ನಾಲ್ಕು ಡಬರಿ ಟಮಾಟ ಪಪ್ಪು

ನಾಲ್ಕನೆಯ ಡಬರಿಯ ಮುಚ್ಚಳ ತೆಗೆದು ನೋಡಿದ ಅಶ್ವಿನಿ ಅದನ್ನು ಟಣ್ಣನೆ ಮತ್ತೆ ಮುಚ್ಚಿದಳು. ಇದೂ ಟಮಾಟ ಪಪ್ಪು.

“ಎಲ್ರೂ ಮಾತಾಡಿಕೊಂಡು ಬಂದಾರೇನು?” ಎಂದು ಗೊಣಗಿದಳು.

ಯಾರೂ ಮಾತಾಡಿಕೊಂಡು ಬಂದಿರಲಿಲ್ಲ. ಆ ವಾರ ಆಸ್ಪರಿ ಕಡೆಯ ಟಮಾಟ ಆದವಾನಿಯ ಮಾರುಕಟ್ಟೆಯಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚುವಂತಿಲ್ಲ, ನೆಂಟರು ನೆರೆಯವರು ತಂದದ್ದನ್ನೇ ಉಣ್ಣಬೇಕು. ತರುವವರೂ ಒಗ್ಗರಣೆ ಹಾಕುವಂತಿಲ್ಲ. ಹೀಗಿರುವಾಗ ಅನ್ನ ಮತ್ತು ಟಮಾಟ ಹಾಕಿ ಕುದಿಸಿದ ಬೇಳೆ ಬಿಟ್ಟು ಯಾರಿಗೆ ತಾನೇ ಬೇರೇನು ಹೊಳೆದೀತು? ಆಲೂರಿನ ಬೀಗರು ತಂದದ್ದೂ ಅದೇ, ಪಕ್ಕದ ಮನೆಯ ಪಕೀರಮ್ಮ ತಂದದ್ದೂ ಅದೇ.

ಅಶ್ವಿನಿಯ ಅತ್ತೆ ಕೊಟ್ರಮ್ಮನನ್ನು ಬೆಳಗ್ಗೆ ಮಣ್ಣು ಮಾಡಿ ಬಂದಿದ್ದರು. ಬದುಕಿರುವಷ್ಟು ಕಾಲ ಒಂದೇ ಅಡುಗೆಯನ್ನು ಎರಡು ಹೊತ್ತು ಬಡಿಸದ ಹೆಂಗಸು. ಆಕೆಯ ಸಾವಿಗೇ ಇದು! ನಗು ಬರಬೇಕಿತ್ತು, ಅಶ್ವಿನಿಗೆ ಸಿಟ್ಟು ಬಂತು.

“ಎಷ್ಟು ಥರ ಮಾಡ್ತಿದ್ಲವ್ವ ಕೊಟ್ರಕ್ಕ!” ಬಾಗಿಲಿಗೆ ಒರಗಿದ್ದ ಪಕೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಸರ್ಲೆ, ಇನ್ನ ಆ ಸೌಟು ನಿನ್ನ ಕೈಗೆ.”

ನಾದಿನಿ ಅಮೂಲ್ಯ ಅದಕ್ಕೆ ದನಿಗೂಡಿಸಿದಳು. “ಅಪ್ಪಗ ದಿನಾ ಬ್ಯಾರೆ ಬ್ಯಾರೆ ಬೇಕು ಅತ್ತಿಗಿ. ನಿನಗ ಗೊತ್ತಾ ಐತಲ್ಲ.”

“ಗೊತ್ತೈತಿ ಬಿಡವ್ವ,” ಎಂದಳು ಅಶ್ವಿನಿ. ಗೊತ್ತಿದ್ದುದೇ ಅವಳ ತಲೆನೋವಾಗಿತ್ತು.

*

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ರಾತ್ರಿ ಉಳಿದ ಮೆಂತ್ಯೆಬೇಳೆಯನ್ನು ಬಿಸಿ ಮಾಡಿ ಮಾವ ಚಂದ್ರಣ್ಣನ ತಾಟಿಗೆ ಬಡಿಸಲು ಹೊರಟಿದ್ದಳು. ಕೊಟ್ರಮ್ಮ ಓಡಿ ಬಂದು ಸೌಟು ಕಸಿದುಕೊಂಡಿದ್ದಳು.

“ನಿನ್ನಿದು ಇವತ್ತು ನೀಡಿದ್ರ ಮನ್ಯಾಗಿನ ಬಡತನ ತಾಟಿನಾಗ ಕಾಣ್ತೈತಿ. ಕಾಣಬಾರದವ್ವ.”

ಚಂದ್ರಣ್ಣ ಹತ್ತಿ ಮಂಡಿಯ ಗುಮಾಸ್ತ. ತಿಂಗಳ ಕೊನೆಗೆ ಡಬ್ಬಿಗಳ ತಳ ಕಾಣುತ್ತಿತ್ತು. ಆದರೂ ಕೊಟ್ರಮ್ಮ ಬೇಳೆ ಬಸಿದ ಕಟ್ಟಿನಲ್ಲಿ ಸಾರು ಮಾಡಿ, ಉಳಿದ ಬೇಳೆಯನ್ನು ಪುಂಡಿಸೊಪ್ಪಿಗೆ ಸೇರಿಸಿ ಮಧ್ಯಾಹ್ನದ ಪಲ್ಯ ಮಾಡುತ್ತಿದ್ದಳು. ಹೀರೇಕಾಯಿಯ ಸಿಪ್ಪೆಗೆ ಶೇಂಗಾ ಕುಟ್ಟಿ ಹಾಕಿದರೆ ರಾತ್ರಿಯ ರೊಟ್ಟಿಗೆ ಚಟ್ನಿ. ಉಣ್ಣುವವರಿಗೆ ಹಬ್ಬ, ಹೆಚ್ಚಿ ಕುಟ್ಟಿ ಕೊಡುವ ಸೊಸೆಗೆ ಜೀವ ಹೈರಾಣ. ಖಾಸಗಿ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಮನೆಗೆ ಬಂದರೆ, ಚಪ್ಪಲಿ ಬಿಡುವುದಕ್ಕೂ ಮೊದಲೇ ಅತ್ತೆಯ ಪ್ರಶ್ನೆ ಕಾದಿರುತ್ತಿತ್ತು.

“ನಾಳಿಗೆ ಏನ್ ಮಾಡೋಣವ್ವ?”

“ಏನರ ಮಾಡ್ರಿ ಅತ್ತಿ, ನನ್ನ ಮಾತ್ರ ಕೇಳಬ್ಯಾಡ್ರಿ!”

ಕೊಟ್ರಮ್ಮ ಮರುದಿನ ಮತ್ತೆ ಕೇಳುತ್ತಿದ್ದಳು.

*

ಸಂಜೆ ಮಗ ರುದ್ರೇಶ ತಾಟು ತಂದಿಟ್ಟರೆ ಚಂದ್ರಣ್ಣ ಅದನ್ನು ಪಕ್ಕಕ್ಕೆ ಸರಿಸಿದ.

“ಮಧ್ಯಾಹ್ನ ಉಂಡದ್ದಾ ಅಲ್ಲೇನು ಇದು?”

“ಶುಗರ್ ಮಾತ್ರಿ ನುಂಗಬೇಕಪ್ಪಾ, ಎರಡು ತುತ್ತು ಉಣ್ಣು.”

“ಒಲ್ಲೆ.”

ರುದ್ರೇಶ ಅಡುಗೆಮನೆಗೆ ಬಂದು ಹೆಂಡತಿಯ ಮುಂದೆ ದನಿ ತಗ್ಗಿಸಿದ. “ಒಂದೀಟು ಉಪ್ಪಿಟ್ಟು ಮಾಡ್ತಿಯೇನು?”

“ಇವತ್ತು ಒಲಿ ಹಚ್ಚಬಾರ್ದು.”

“ಒಲಿ ಎಲ್ಲೈತಿ? ಇದು ಗ್ಯಾಸ್ ಅಲ್ಲೇನು?”

ಅಶ್ವಿನಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಹೆತ್ತ ತಾಯಿಯನ್ನು ಮಣ್ಣಿಗಿಟ್ಟು ಬಂದವನಿಗೆ ಶಾಸ್ತ್ರದ ಸಂದು ಹುಡುಕುವ ಬುದ್ಧಿ ಎಲ್ಲಿಂದ ಬಂತೋ. ನೆಟ್ಟಗೆ ಹೊರಗೆ ಹೋಗಿ, ಸರಿಸಿಟ್ಟ ತಾಟನ್ನು ಮಾವನ ಮುಂದೆ ತಂದಿಟ್ಟಳು.

“ಮಾವಾ, ನಾ ಅತ್ತಿ ಅಲ್ರಿ. ದಿನಾ ಬ್ಯಾರೆ ಬ್ಯಾರೆ ಮಾಡಿ ನೀಡಾಕ ನನ್ನ ಕೈಲಿ ಆಗಂಗಿಲ್ಲ.”

“ಅತ್ತಿಗಿ! ಇವತ್ತಾ ಆಡೋ ಮಾತೇನು ಇದು?” ಅಮೂಲ್ಯ ಗದರಿದಳು.

“ಮತ್ತ ಯಾವತ್ತು ಆಡ್ಲಿ? ಸೌಟು ನನ್ನ ಕೈಗೆ ಬಂದ ಮ್ಯಾಲೇನು?” ಅಶ್ವಿನಿ ಮಾವನ ಕಡೆ ತಿರುಗಿದಳು. “ಅತ್ತಿ ತಾಟಿನಾಗ ಏನಿರ್ತಿತ್ತು, ಗೊತ್ತೇನ್ರಿ ನಿಮಗ?”

“ನಾವು ಉಂಡದ್ದಾ ಇರ್ತಿತ್ತು,” ಎಂದ ಚಂದ್ರಣ್ಣ.

“ಹೌದ್ರಿ. ಹಿಂದಿನ ದಿನ ಉಂಡದ್ದು. ನೀವೆಲ್ಲ ಉಂಡು ಎದ್ದ ಮ್ಯಾಲೆ ಒಳಗ ಕುಂತು ದಿನಾ ನಿನ್ನಿದು ಉಣ್ತಿದ್ಲು. ನಾ ಬಯ್ದೆ, ಜಗಳಾಡಿದೆ, ಕೇಳಲಿಲ್ಲ ಆಕಿ. ನಿಮಗ ದಿನಾ ಹೊಸಾದು ಆಗಬೇಕಂದ್ರ ಹಳೇದು ಎಲ್ಲಿಗಿ ಹೋಗಬೇಕ್ರಿ?”

ಚಂದ್ರಣ್ಣ ತಾಟು ಎಳೆದುಕೊಂಡು, ತಲೆ ಎತ್ತದೆ ನಾಲ್ಕು ತುತ್ತು ಉಂಡ. ಪಕೀರಮ್ಮ ಡಬರಿಗಳನ್ನು ಒಟ್ಟು ಮಾಡತೊಡಗಿದಳು.

“ಉಳಿದದ್ದು ನಾಯಿಗೆ ಹಾಕಿಬಿಡ್ತೀನಿ. ಸತ್ತ ಮನಿ ಅನ್ನ ತಂಗಳ ಇಡಬಾರ್ದು.”

“ಒಂದು ಡಬರಿ ಇರ್ಲಿ ಬಿಡವ್ವ,” ಎಂದ ಚಂದ್ರಣ್ಣ.

*

ಬೆಳಕು ಹರಿಯುವ ಹೊತ್ತಿಗೆ ಅಶ್ವಿನಿ ಎದ್ದಳು. ಅಷ್ಟೆಲ್ಲ ಕೂಗಾಡಿದ ಮೇಲೂ, ಅವಲಕ್ಕಿ ಮಾಡಲೋ ರವೆ ಹುರಿಯಲೋ ಎಂದು ತಲೆಯೊಳಗೆ ಓಡುತ್ತಿತ್ತು. ಅದಕ್ಕೇ ತನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತ ಅಡುಗೆಮನೆಗೆ ಬಂದರೆ ಅಲ್ಲಿ ದೀಪ ಉರಿಯುತ್ತಿತ್ತು.

ಆ ಕೋಣೆಯ ಹೊಸ್ತಿಲು ಎಂದೂ ದಾಟದ ಚಂದ್ರಣ್ಣ ನೆಲದ ಮೇಲೆ ಕುಳಿತು, ನಿನ್ನೆಯ ಅನ್ನ ಬೇಳೆ ಕಲೆಸಿಕೊಂಡು ತಿನ್ನುತ್ತಿದ್ದ.

“ಮಾವಾ, ಹುಳಿ ಬಂದೈತ್ರಿ ಅದು. ಬಿಡ್ರಿ, ಬಿಸಿದು ಮಾಡ್ತೀನಿ.”

“ಹುಳಿ ಬಂತಂತ ನಿಮ್ಮತ್ತಿ ಬಿಡ್ತಿದ್ಲೇನು?”

ಚಂದ್ರಣ್ಣ ಮುಖ ಕಿವುಚಿಕೊಂಡೇ ಇನ್ನೊಂದು ತುತ್ತು ನುಂಗಿದ.

“ಸಪ್ಪಗೈತಿ. ಈ ಮನ್ಯಾಗ ಉಪ್ಪು ಎಲ್ಲಿರ್ತೈತವ್ವ?”

ಉಪ್ಪಿನ ಡಬ್ಬಿ ಅವನ ಮೊಣಕೈಗೆ ತಾಗಿಕೊಂಡೇ ಇತ್ತು.