ಅಕ್ಕ ಹೊತ್ತ ಸೋಮವಾರ

ಹಗಲು ಬಂದು ಹೋಗುವ ನೋವು ರಾತ್ರಿಯಾದರೆ ಹಾಸಿಗೆ ಹಾಸಿಕೊಂಡೇ ಕೂರುತ್ತದೆ. ಆಪರೇಷನ್ ಮಾಡಿಸಿ ಮಂಡಿ ಬದಲಿಸಿಕೊಂಡು ಕಳಲೆ ಊರಿನ ಮನೆಗೆ ಬಂದ ಹನ್ನೆರಡು ದಿನಗಳಲ್ಲಿ ರುದ್ರಾಣಿ ಕಲಿತ ಪಾಠ ಇದು. ಊಟ ಮಾಡಿ, ಒಂಬತ್ತಕ್ಕೆ ಮಾತ್ರೆ ನುಂಗಿ, ಟವೆಲ್ಲಿನಲ್ಲಿ ಸುತ್ತಿದ ಐಸ್ ಬ್ಯಾಗನ್ನು ಸ್ವಲ್ಪ ಹೊತ್ತು ಮಂಡಿಯ ಮೇಲಿಟ್ಟು, ಹಿಮ್ಮಡಿಗೆ ದಿಂಬು ಕೊಟ್ಟು ಮಲಗಿದರೆ ಮೂರು ಗಂಟೆಯವರೆಗಾದರೂ ಕಣ್ಣು ಹತ್ತುತ್ತಿತ್ತು. ಶನಿವಾರ ಮಾತ್ರೆ ತಡವಾಗಿ, ನರಳುತ್ತಲೇ ಬೆಳಗು ಮಾಡಿದ್ದಳು. ಆದರೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಲೇಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ಇಂದು ಸೋಮವಾರ. ಎಂಟೂವರೆಯಾದರೂ ತಟ್ಟೆ ಬರಲಿಲ್ಲ. ಆರೈಕೆಗೆಂದು ಬೆಳಿಗ್ಗೆ ತಿ. ನರಸೀಪುರದಿಂದ ಬಂದಿಳಿದ ಅಕ್ಕ ಮಲ್ಲಾಜಮ್ಮ ಹಣೆ ತುಂಬ ವಿಭೂತಿ ಧರಿಸಿ ಮಂಚದ ಪಕ್ಕ ಕೂತಿದ್ದಳು.

"ಅಕ್ಕಾ, ಊಟ?"

"ಮದ್ಯಾನ ಉಂಡ್ಯಲ್ಲ. ಸೋಮ್ವಾರ ಒಪ್ಪತ್ತು ಕಣೆ. ನಿನ್ನ ಆಪ್ರೇಸನ್‌ಗೆ ಒಳಕ್ಕೆ ಕರ್ಕೊಂಡೋದಾಗ್ಲೇ ನಂಜುಂಡೇಶ್ವರಂಗೆ ಅರಕೆ ಒತ್ಕೊಂಡೆ. ಐದು ಸೋಮ್ವಾರ ನಮ್ ರುದ್ರಿ ಒಂದೇ ಒತ್ತು ಉಣ್ತಾಳೆ ಅಂತ. ಇವತ್ತು ಮೊದ್ಲನೇದು."

"ಅರಕೆ ಒತ್ತೋಳು ನೀನು, ಒಪ್ಪತ್ತು ಇರೋಳು ನಾನಾ?"

"ಮಂಡಿ ಯಾರ್ದು?"

ರುದ್ರಾಣಿ ಗಂಡನತ್ತ ನೋಡಿದಳು. ಶಿವರಾಜು ಟಿವಿಯ ದನಿ ತಗ್ಗಿಸಿದ. "ದ್ಯಾವ್ರ ಇಸ್ಯ. ನಾನೇನ್ ಏಳ್ಲಿ?"

"ಮಟದ ಅಯ್ನೋರ್ಗೆ ಈಗ್ಲೇ ಪೋನ್ ಮಾಡಿ ಕೇಳಿ! ಬೆಳಗಾಗಗಂಟ ಈ ಕಾಲು ಕಾಯ್ತದಾ?" ಎಂದಳು ರುದ್ರಾಣಿ.

ನೋವು ಆಗಲೇ ತೊಡೆಗೆ ಏರುತ್ತಿತ್ತು. ಶಿವರಾಜು ಫೋನ್ ಮಾಡಿ ಸ್ಪೀಕರ್ ಹಾಕಿದ. ಮಠದ ಚನ್ನಯ್ಯನವರು ಪೂರ್ತಿ ಕೇಳಿಸಿಕೊಂಡು, ಒಂದು ಉಸಿರು ಬಿಟ್ಟು, "ಅರಕೆ ಒತ್ತ ಬಾಯೇ ಒಪ್ಪತ್ತಿರ್ಲಿ ತಾಯಿ. ರೋಗಿ ಉಣ್ಲಿ, ಮಾತ್ರೆ ತಗೊಳ್ಲಿ," ಎಂದರು.

ಮಲ್ಲಾಜಮ್ಮ ಎದ್ದು ಅನ್ನ ಸಾರು ಬಡಿಸಿ ತಂದಳು. ಒಂಬತ್ತೂಕಾಲಿಗೆ ಮಾತ್ರೆ ಒಳಗೆ ಹೋಯಿತು. ಐಸ್ ಬ್ಯಾಗನ್ನು ಅಕ್ಕನೇ ಇಟ್ಟು, ಅಕ್ಕನೇ ತೆಗೆದಳು. ಹತ್ತರ ಸುಮಾರಿಗೆ ಮಂಡಿಯ ಸಿಡಿತ ತಗ್ಗಿ, ರೆಪ್ಪೆಗಳು ಕೂಡತೊಡಗಿದವು.

"ರುದ್ರೀ, ನಿದ್ದೆ ಬಂತಾ?"

"ಬತ್ತಿತ್ತು."

"ಒಟ್ಟೆ ಚುರುಗುಡ್ತದೆ ಕಣೆ. ಸಾರಲ್ಲಿ ಅವರೆಕಾಳು ಬೆಂದಿತ್ತಾ?"

"ಬೆಂದಿತ್ತು. ಮಲಕ್ಕೋ ಅಕ್ಕ."

ಐದು ನಿಮಿಷ ಕಳೆದಿರಬೇಕು.

"ಒಂದ್ ಲೋಟ ಆಲು ಕುಡೀಲಾ? ಎರಡು ಬಾಳೇಅಣ್ಣೂ ಅವೆ. ಆಲು ಅಣ್ಣು ಒಪ್ಪತ್ತಿಗೆ ಅಡ್ಡಿ ಇಲ್ಲ."

ರುದ್ರಾಣಿಯ ಕಣ್ಣು ಪೂರ್ತಿ ತೆರೆಯಿತು. "ಏನಂದೆ? ಅಡ್ಡಿ ಇಲ್ವಾ? ಅಂಗಾದ್ರೆ ಎಂಟೂವರೆಗೇ ನಂಗೂ ಅದ್ನೇ ಕೊಟ್ಟು ಮಾತ್ರೆ ಕೊಡ್ಬೋದಿತ್ತಲ್ಲ! ಅಯ್ನೋರ ತಂಕ ಓಗ್ಬೇಕಿತ್ತಾ?"

"ನೀನು ಊಟ ಅಂದೆ. ಆಲು ಎಲ್ಲಿ ಕೇಳ್ದೆ?"

ಅಡುಗೆಮನೆಯಿಂದ ಲೋಟದ ಸದ್ದು ಬಂತು, ಆಮೇಲೆ ತೃಪ್ತಿಯ ತೇಗು. ಮಲ್ಲಾಜಮ್ಮ ಬಂದು ಪಕ್ಕದಲ್ಲಿ ಚಾಪೆ ಬಿಚ್ಚಿದಳು. ರುದ್ರಾಣಿ ಬೈಯಲು ಬಾಯಿ ತೆರೆದಳು. ಆದರೆ ಕಾಲು ಹಗುರಾಗಿತ್ತು, ನಿದ್ದೆ ಮತ್ತೆ ಹತ್ತಿರ ಬಂದಿತ್ತು. ಅದನ್ನು ಬೈಗುಳಕ್ಕೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಮಂಚಕ್ಕೆ ತಗುಲ್ದಂಗೆ ಬಿದ್ಕೊ, ಪುಣ್ಯಾತ್ಗಿತ್ತಿ," ಎಂದು ಹೊದಿಕೆ ಎಳೆದುಕೊಂಡಳು.