ಜಹನಾರಾಳ ಎಂಟು ಮನೆ

“ಟಿಸಿ ಆಮ್ಯಾಲೆ ಬರಸೂಣ್ರಿ. ಮೊದ್ಲ ಈ ಪಾಠ ಮುಗೀಲಿ,” ಎಂದು ಶರಣಮ್ಮ ಟೀಚರ್ ಜಹನಾರಾಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಅವಳ ಕೈಗೂ ಒಂದು ಕಾಗದದ ಪಟ್ಟಿ ಕೊಟ್ಟುಬಿಟ್ಟರು.

ಟಿಸಿ ಕೇಳಲು ಅವಳಿಗೆ ಕಾರಣವಿತ್ತು. ಮಗಳು ಮಿಸ್ಬಾ ನಾಲ್ಕನೇ ಕ್ಲಾಸು. ಮಗ್ಗಿ ಹೇಳು ಅಂದರೆ ಕಾಗದ ಮಡಚುತ್ತಾಳೆ. ಕರೆಂಟ್ ಬಿಲ್ಲು, ಮದುವೆ ಕಾರ್ಡು ಮುಗಿದು ಈಗ ಚಪಾತಿಗೆ ಬಂದಿದ್ದಾಳೆ. ಕ್ಲಾಸಿನಲ್ಲಂತೂ ಬಾಯಿಯೇ ಬಿಡುವುದಿಲ್ಲ. ಈ ಕೊಪ್ಪಳದ ಟೀಚರ್ ಜೂನ್‌ನಿಂದ ಯಾರಿಗೂ ‘ಸರಿ’ ಅಂದಿಲ್ಲ, ‘ತಪ್ಪು’ ಅಂದಿಲ್ಲ, ಬರೀ ‘ಹೆಂಗ?’ ಅಂತಾರೆ ಎಂಬುದು ಶಿವಾಜಿನಗರದ ಬೆಕ್ಕುಗಳಿಗೂ ಗೊತ್ತಿತ್ತು. ಹುಡುಗಿ ಪೂರ್ತಿ ಮೂಕಿಯಾದಾಳೆಂದು ಹೆದರಿದ ಜಹನಾರಾ, ಮಗ್ಗಿಯನ್ನು ಹಲಸೂರು ಕೆರೆಯ ಮೀನಿಗೂ ಕೇಳುವಂತೆ ಕೂಗಿಸುವ ಬೇರೆ ಸ್ಕೂಲನ್ನು ನೋಡಿಟ್ಟಿದ್ದಳು.

ಪಟ್ಟಿಯನ್ನು ಮೂರು ಸಮಭಾಗ ಮಾಡಬೇಕಿತ್ತು. ಜಹನಾರಾಗೆ ನಗು ಬಂತು. ದಿನವಿಡೀ ಅಂಗಡಿಯಲ್ಲಿ ದುಪಟ್ಟಾ ಮಡಚುವವಳು ಅವಳು. ಅರ್ಧಕ್ಕೆ ಮಡಚಿದಳು, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ. ಮೂರು ಸಲ. ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

ಬಿಡಿಸಿದರೆ ಎಂಟು ಮನೆ.

ಅವಳ ಕೈ ತಾನಾಗಿ ಬುರ್ಖಾದೊಳಗೆ ಸೇರಿತು. ಅವಳ ಕಾಲದಲ್ಲಿ ಇಂಥ ಉತ್ತರಕ್ಕೆ ಬೆರಳ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಟೀಚರ್ ಮಾತ್ರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ಎಂಟು ಹೆಂಗಾತು? ಯಾರ್ ಹೇಳ್ತೀರಿ?”

ಎದ್ದು ನಿಂತವಳು ಮಿಸ್ಬಾ.

“ಮಿಸ್, ಅಮ್ಮಿ ಮೂರು ಸಲ ಮಡಚಿದ್ರು. ಒಂದೊಂದು ಸಲಾನೂ ಡಬಲ್ ಆಗ್ತದೆ. ಎರಡು, ನಾಲ್ಕು, ಎಂಟು. ನಾನೂ ಮನೇಲಿ ಹಂಗೇ ಮಾಡ್ಬಿಟ್ಟಿದ್ದೆ.” ಅಮ್ಮಿಯ ಕಡೆ ತಿರುಗಿದಳು. “ಮೂರು ಭಾಗಕ್ಕೆ ಎರಡೇ ಮಡಿಕೆ ಸಾಕು ಅಮ್ಮಿ. ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ನೋಡಿ.”

ಹಾಗಾದರೆ ನಾಲ್ಕು ಸಲ ಮಡಚಿದರೆ ಎಷ್ಟು ಎಂದು ಉಮೈರ್ ಎಂಬ ಹುಡುಗ ಕೇಳಿದ. ಮಿಸ್ಬಾ ಅವನೊಡನೆ ವಾದಕ್ಕಿಳಿದಳು. ಬೆಲ್ಲು ಹೊಡೆದರೂ ನಿಲ್ಲಿಸಲಿಲ್ಲ.

“ನಿಮ್ಮಿಂದ ಛಲೋ ಪಾಠ ಆತ್ರಿ,” ಎಂದರು ಶರಣಮ್ಮ. “ಈ ಪಟ್ಟಿ ಇಲ್ಲೇ ಇರ್ಲೇನ್ರಿ?”

ಜಹನಾರಾ ತಲೆಯಾಡಿಸಿದಳು. ಟಿಸಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಟೀಚರಿಗೆಂದು ಖೀರಿನ ಡಬ್ಬಿ ಹಿಡಿದು ಬಂದವಳು ಕ್ಲಾಸಿನ ಕಿಟಕಿಯಲ್ಲಿ ಇಣುಕಿದಳು. ಬೋರ್ಡಿನ ಪಕ್ಕದಲ್ಲಿ ಅವಳ ಪಟ್ಟಿಯನ್ನು ಒಂದು ತುದಿಗೆ ಮಾತ್ರ ಅಂಟಿಸಿದ್ದರು. ಕೆಳಗೆ ಮಿಸ್ಬಾಳ ಸೊಟ್ಟ ಅಕ್ಷರದಲ್ಲಿ ‘ಜಹನಾರಾ ಮಾಡಿದ್ದು’ ಎಂದಿತ್ತು. ಫ್ಯಾನಿನ ಗಾಳಿಗೆ ಎಂಟೂ ಮನೆಗಳು ಮಡಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು. ಡಬ್ಬಿ ಕೈಯಲ್ಲಿ ಬಿಸಿಯಾಗಿಯೇ ಇತ್ತು.