ಕೆಂಪು ಕಾರಿನ ಪ್ಲಗ್ಗು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಜವರಯ್ಯನ ಗ್ಯಾರೇಜು. ತಗಡಿನ ಶೆಡ್ಡು, ಮುಂದೊಂದು ಹೊಂಗೆಮರ. ಟ್ರ್ಯಾಕ್ಟರು, ಗೂಡ್ಸ್ ಆಟೋ, ಹಳೇ ಜೀಪುಗಳನ್ನು ರಿಪೇರಿ ಮಾಡುತ್ತಲೇ ಅವನ ತಲೆ ನರೆತಿತ್ತು. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ ಎಂಬ ಹೆಸರು ಅವನಿಗಿತ್ತು. ಆ ಹೆಸರು ಕಿವಿಗೆ ಬಿದ್ದಾಗ ಕೇಳಿಸದವನಂತೆ ಇರುತ್ತಿದ್ದ, ಆದರೆ ಆ ದಿನವೆಲ್ಲ ಖುಷಿಯಾಗಿರುತ್ತಿದ್ದ.

ಒಬ್ಬಳೇ ಮಗಳು ಚಂದನ ಮಂಡ್ಯದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದಿ, ಮೈಸೂರಿನ ಒಂದು ಸರ್ವೀಸ್ ಸೆಂಟರಿನಲ್ಲಿ ಕೆಲವು ವರ್ಷ ದುಡಿದು, ಇನ್ನು ಅಪ್ಪನ ಜೊತೆಗೇ ಕೆಲಸ ಮಾಡುತ್ತೇನೆಂದು ಊರಿಗೆ ಬಂದಿದ್ದಳು. ಅವಳು ಬಂದ ಮೇಲೆ ಶೆಡ್ಡಿಗೆ ಹೊಸ ಕಾರುಗಳು ಬರತೊಡಗಿದವು. ಮೇಷ್ಟರು, ಬ್ಯಾಂಕಿನವರು, ಬ್ಲಫ್‌ನ ವಿದ್ಯುತ್ ಕೇಂದ್ರದವರು ನೇರ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಜವರಯ್ಯ ಅದನ್ನು ಟೀ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಆದರೆ ಬಂದವರು ಅವನನ್ನು ದಾಟಿ ಒಳಗೆ ಇಣುಕಿ "ಚಂದನ ಇಲ್ವಾ?" ಅಂದಾಗ ಅವನಿಗೆ ಏನೋ ಒಂಥರಾ ಆಗುತ್ತಿತ್ತು. ಅದು ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ.

ಹಾಗಿರುವಾಗ ಒಂದು ದಿನ ಕೆಂಪು ಕಾರು ಬಂತು. ಮದ್ದೂರಿನ ರೈಸ್ ಮಿಲ್ ರಘುನಂದನ್ ಅವರದು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿದ್ದ ಸ್ಪೋರ್ಟ್ಸ್ ಕಾರು. ಬೆಂಗಳೂರಿನಲ್ಲಿ ಯಾರೋ ಸಾಕಾಗಿ ಮಾರಿದ್ದನ್ನು ಆಸೆಪಟ್ಟು ತಂದಿದ್ದರು. ಆಕ್ಸಿಲರೇಟರು ಒತ್ತಿದರೆ ಕಾರು ಮುಗ್ಗರಿಸುತ್ತದೆ, ಬಿಕ್ಕಳಿಸುತ್ತದೆ ಎಂಬುದು ಅವರ ದೂರು. ಚಂದನ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳಲ್ಲಿ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಅದರ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು, ಅಂಚು ಕರಗಿತ್ತು. ಹಿಂದಿನ ಮಾಲೀಕರು ಇಂಜಿನ್ನಿನ ಶಕ್ತಿ ಹೆಚ್ಚಿಸಿದ್ದಾರೆ, ಆದರೆ ಪ್ಲಗ್ಗು ಮಾತ್ರ ಮಾಮೂಲಿಯದನ್ನೇ ಉಳಿಸಿದ್ದಾರೆ, ಅದು ಈ ಕಾವು ತಡೆಯುತ್ತಿಲ್ಲ ಎಂದು ವಿವರಿಸಿದಳು. ಕಾವನ್ನು ಬೇಗ ಹೊರಗೆ ಬಿಟ್ಟುಕೊಡುವ ಬೇರೆ ನಂಬರಿನ ಪ್ಲಗ್ಗು ಬೇಕು, ಮಂಡ್ಯದ ಡೀಲರಿಗೆ ಹೇಳಿ ತರಿಸುತ್ತೇನೆ ಅಂದಳು. ರಘುನಂದನ್ ಕಾರನ್ನು ಅವಳ ಸುಪರ್ದಿಗೆ ಬಿಟ್ಟು ಹೋದರು.

ಪಕ್ಕದಲ್ಲಿ ನಿಂತಿದ್ದ ಜವರಯ್ಯನಿಗೆ ಈ ಮಾತೆಲ್ಲ ಅತಿಯಾಯಿತು ಅನ್ನಿಸಿತು. ಇಷ್ಟು ವರ್ಷ ಅವನು ಪ್ಲಗ್ಗನ್ನು ಉಜ್ಜುಕಾಗದದಲ್ಲಿ ತಿಕ್ಕಿ, ತುದಿಯ ಸಂದಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ಅಳತೆ ನೋಡಿ ಹಾಕಿದವನು. ಗಾಡಿಗಳೆಲ್ಲ ಓಡಿದ್ದವು.

ಪ್ಲಗ್ಗು ಬಂದಿದೆ ಎಂದು ಮಂಡ್ಯದಿಂದ ಫೋನು ಬಂದ ದಿನ ಚಂದನ ಬೆಳಿಗ್ಗೆಯೇ ಬಸ್ಸು ಹತ್ತಿದಳು. ಹೋಗುವ ಮುಂಚೆ ಅಪ್ಪನಿಗೆ ಹೇಳಿದಳು:

"ಅಪ್ಪಾ, ಆ ಕಾರು ಹಂಗೇ ಇರ್ಲಿ. ನಾನು ಬರೋಗಂಟ ಮುಟ್ಬ್ಯಾಡ."

ಅವಳು ಅದನ್ನು ಸಾಮಾನ್ಯವಾಗಿಯೇ ಹೇಳಿದ್ದಳು. ಜವರಯ್ಯನಿಗೆ ಮಾತ್ರ ಅದು ಚುಚ್ಚಿತು.

ಸ್ವಲ್ಪ ಹೊತ್ತಿಗೆ ಪುಟ್ಟಮಾದಯ್ಯ ಬಂದ. ಬಸ್ ಡ್ರೈವರಾಗಿದ್ದು ರಿಟೈರಾದವನು, ಜವರಯ್ಯನ ಹಳೆಯ ಗೆಳೆಯ. ಕಾರಿನ ಸುತ್ತ ಒಂದು ಸುತ್ತು ಬಂದು, ಇದರ ಸದ್ದು ಕೇಳಬೇಕಲ್ಲ ಅಂದ. ಜವರಯ್ಯ ಸ್ಟಾರ್ಟ್ ಮಾಡಿ, ಆಕ್ಸಿಲರೇಟರು ಒತ್ತಿ ಒತ್ತಿ ಗುಡುಗಿಸಿದ. ಮಧ್ಯೆ ಮಧ್ಯೆ ಅದು ಬಿಕ್ಕಿತು. ಪುಟ್ಟಮಾದಯ್ಯ ನಕ್ಕ.

"ಇದು ನಿನ್ ಕೈಲಾಗಲ್ವೇನ್ಲಾ? ಮಗ್ಳೇ ಬರ್ಬೇಕಾ?"

ಕುಚೋದ್ಯಕ್ಕೆ ಆಡಿದ ಮಾತು. ಜವರಯ್ಯ ಎದ್ದು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ನೋಡಲು ಅದೇ ಅಳತೆಯ ಪ್ಲಗ್ಗುಗಳನ್ನು ತಂದ. ಮಗಳು ಬರುವಷ್ಟರಲ್ಲಿ ಕಾರು ಸರಿಯಾಗಿ ನಿಂತಿರಬೇಕು, ಅವಳು ಆಶ್ಚರ್ಯಪಡಬೇಕು ಎಂಬುದಷ್ಟೇ ಅವನ ತಲೆಯಲ್ಲಿದ್ದದ್ದು.

ಇಂಜಿನ್ನು ಇನ್ನೂ ಕುದಿಯುತ್ತಿತ್ತು. ಅದರ ತಲೆಭಾಗ, ಅಂದರೆ ಹೆಡ್ಡು, ಮೆತ್ತನೆಯ ಅಲ್ಯೂಮಿನಿಯಮ್ಮಿನದು. ಬಿಸಿಯಲ್ಲಿ ಪ್ಲಗ್ಗು ಬಿಚ್ಚಬಾರದೆಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೂ ಬಿಚ್ಚಿದ. ಹಳೆಯ ಪ್ಲಗ್ಗು ಕಿರುಗುಟ್ಟುತ್ತ ಬಂತು. ಅದಕ್ಕೆ ಅಂಟಿಬಂದ ಲೋಹದ ಚೂರನ್ನು ಬಟ್ಟೆಗೆ ಒರೆಸಿದ. ಹೊಸದನ್ನು ಕೂರಿಸಬೇಕಾದ ಗುಳಿ ಆಳವಾಗಿತ್ತು, ಒಳಗೇನೂ ಕಾಣುತ್ತಿರಲಿಲ್ಲ. ಮೊದಲು ಬೆರಳಲ್ಲೇ ತಿರುಗಿಸಿ ಹಾದಿ ಹಿಡಿಸಬೇಕಿತ್ತು. ಅವನು ನೇರ ಸ್ಪಾನರು ಹಾಕಿದ. ಅರ್ಧಕ್ಕೇ ಬಿಗಿಯಾಯಿತು. ಸ್ಪಾನರಿಗೆ ಪೈಪು ಸೇರಿಸಿ ಒತ್ತಿದ. ಕೈಗೆ ಹತ್ತಿದ್ದ ಬಿಗಿ ಫಕ್ಕನೆ ಬಿಟ್ಟುಹೋಯಿತು. ಸ್ಪಾನರು ಮಜ್ಜಿಗೆಯಲ್ಲಿ ಕಡಗೋಲು ತಿರುಗಿದ ಹಾಗೆ ಸಲೀಸಾಗಿ ತಿರುಗತೊಡಗಿತು. ಪ್ಲಗ್ಗನ್ನು ಕಚ್ಚಿ ಹಿಡಿಯುವ ಒಳಗಿನ ತಿರುಪಿನ ಗೀರು, ತ್ರೆಡ್ಡು, ಕಿತ್ತುಬಂದಿತ್ತು. ನೋಡಬೇಕಾದ ಅಗತ್ಯವೇ ಇರಲಿಲ್ಲ, ಅವನ ಅಂಗೈಗೆ ಗೊತ್ತಾಗಿತ್ತು.

ಪುಟ್ಟಮಾದಯ್ಯ ಏನಾಯ್ತು ಅಂತ ಕೇಳಿದ. ಜವರಯ್ಯ ಉತ್ತರ ಕೊಡುವ ಮೊದಲೇ ಶೆಡ್ಡಿನ ಮುಂದೆ ಜೀಪು ನಿಂತಿತು. ತಾಲ್ಲೂಕು ಆಫೀಸಿಗೆ ಬಂದಿದ್ದ ರಘುನಂದನ್, ಜೊತೆಯಲ್ಲಿದ್ದ ಇಬ್ಬರು ಸ್ನೇಹಿತರಿಗೆ ತಮ್ಮ ಕಾರು ತೋರಿಸಲು ಕರೆದುಕೊಂಡು ಬಂದಿದ್ದರು. ತೆರೆದ ಬಾನೆಟ್ಟು, ಗುಳಿಯಲ್ಲಿ ಓರೆಯಾಗಿ ನಿಂತ ಸ್ಪಾನರು, ಬಟ್ಟೆಯ ಮೇಲೆ ಹರಡಿದ್ದ ಬೆಳ್ಳಿಯಂಥ ಲೋಹದ ಚೂರು ನೋಡಿದರು. ಅವರ ಮುಖ ಬದಲಾಯಿತು. ಇದನ್ನು ಮಾಡಿದ್ದು ಯಾರು ಎಂದು ಕೇಳಿದರು.

"ಮಗ್ಳು ಸಾ," ಅಂದ ಜವರಯ್ಯ. "ಇನ್ನೂ ಕಲೀತಾ ಅವ್ಳೆ. ಗೊತ್ತಾಗ್ನಿಲ್ಲ ಅವ್ಳಿಗೆ."

ಅವನು ಯೋಚಿಸಿ ಹೇಳಿದ್ದಲ್ಲ. ಹೇಳಿಯಾದ ಮೇಲೆ ತಲೆಯೆತ್ತಿದರೆ ಹೊಂಗೆಮರದ ಕೆಳಗೆ ಚಂದನ ನಿಂತಿದ್ದಳು. ಈಗಷ್ಟೇ ಬಸ್ಸಿಳಿದು ಬಂದವಳು, ಕೈಯಲ್ಲಿ ಪ್ಲಗ್ಗಿನ ಡಬ್ಬಿ. ಕೊನೆಯ ಮಾತು ಅವಳಿಗೆ ಕೇಳಿಸಿತ್ತು. ಅವಳು ಅಪ್ಪನ ಮುಖ ನೋಡಲಿಲ್ಲ, ಅವನ ಕೈ ನೋಡಿದಳು. ಆ ಕೈ ಮೊಣಕೈವರೆಗೂ ಹಸಿ ಗ್ರೀಸಾಗಿತ್ತು.

ರಘುನಂದನ್ ಅವಳ ಕಡೆ ತಿರುಗಿದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು, ಹೆಣ್ಣುಮಗಳು ಇಷ್ಟು ಧೈರ್ಯ ಮಾಡಿದ್ದಾಳಲ್ಲ ಅಂತ ನಂಬಿ ಕೊಟ್ಟರೆ ಹೀಗಾ ಮಾಡೋದು ಎಂದು ಸ್ನೇಹಿತರ ಎದುರಿಗೇ ಬೈದರು. ಬೆಳಿಗ್ಗೆಯಿಂದ ಅವಳು ಊರಲ್ಲೇ ಇರಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಅರಿತಿದ್ದ ಪುಟ್ಟಮಾದಯ್ಯ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಜವರಯ್ಯನೂ ನಿಂತಿದ್ದ. ಚಂದನ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಸ್ಟಾರ್ಟ್ ಮಾಡಬೇಡಿ, ಹೆಡ್ಡು ಬಿಚ್ಚಿ ಹೊಸ ತ್ರೆಡ್ಡು ಕೂರಿಸಬೇಕು, ಬೆಂಗಳೂರಿನಲ್ಲಿ ಮಾಡುವವರಿದ್ದಾರೆ ಎಂದು ವಿಳಾಸ ಬರೆದುಕೊಟ್ಟಳು. ಸಂಜೆ ಲಾರಿ ಬಂದು ಕಾರನ್ನು ಏರಿಸಿಕೊಂಡು ಹೋಯಿತು. ಅವಳು ತಂದ ಡಬ್ಬಿ ಒಡೆಯದ ಸೀಲಿನೊಂದಿಗೆ ಗೂಡಿನಲ್ಲಿ ಉಳಿಯಿತು.

ಆ ವಿಷಯ ಅವಳು ಮನೆಯಲ್ಲಿ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಆದರೆ ಮಳವಳ್ಳಿ ಎಷ್ಟು ದೊಡ್ಡ ಊರು? ಸಂತೆಗೆ ಹೋದ ಜವರಯ್ಯನ ಹೆಂಡತಿ ಚಲುವಮ್ಮನಿಗೆ, ನಿನ್ನ ಮಗಳು ದೊಡ್ಡೋರ ಕಾರು ಕೆಡಿಸಿದಳಂತಲ್ಲ ಎಂದು ತರಕಾರಿಯವಳೇ ಹೇಳಿದಳು. ರಾತ್ರಿ ಊಟಕ್ಕೆ ಕೂತಾಗ ಚಲುವಮ್ಮ ಮಗಳ ತಟ್ಟೆಗೆ ಮುದ್ದೆ ಇಟ್ಟು ಬೆನ್ನು ಸವರಿದಳು.

"ಓಗ್ಲಿ ಬುಡು ಮಗ. ಕೆಲ್ಸ ಮಾಡೋರ ಕೈಲೇ ತೆಪ್ಪಾಗೋದು. ನಿಮ್ಮಪ್ಪ ಅವ್ನೆ, ಕಲಿಸ್ಕೊಡ್ತಾನೆ."

ಚಂದನ "ಹೂಂ ಕಣವ್ವ" ಅಂದಳು. ಜವರಯ್ಯ ತಲೆ ಬಗ್ಗಿಸಿಕೊಂಡು ಮುದ್ದೆ ಮುರಿದು ಸಾರಿಗೆ ಅದ್ದಿದ. ತಟ್ಟೆ ಖಾಲಿಯಾಗುವವರೆಗೂ ಉಂಡ. ಎದ್ದುಹೋದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅವಳನ್ನು ಕೇಳಿಕೊಂಡು ಬರುವವರು ಕಡಿಮೆಯಾದರು. ಒಂದು ಬೆಳಿಗ್ಗೆ ಹೈಸ್ಕೂಲಿನ ಶಾಲಿನಿ ಮೇಡಂ ತಮ್ಮ ಕಾರು ತಂದು ನಿಲ್ಲಿಸಿದರು. ಚಂದನಳ ಕೆಲಸವನ್ನು ಊರಿಗೆಲ್ಲ ಹೊಗಳಿದವರು ಅವರೇ. ಅವಳು ಒಳಗೆ ಜಾಕು ಹಾಕಿದ ಇನ್ನೊಂದು ಕಾರಿನ ಕೆಳಗೆ ಮಲಗಿದ್ದಳು. ಮೇಡಂ ಜವರಯ್ಯನ ಹತ್ತಿರ ಸ್ವರ ತಗ್ಗಿಸಿ, ಬೇಜಾರು ಮಾಡಿಕೊಳ್ಳಬೇಡಿ, ಈ ಸಲ ನೀವೇ ನೋಡಿ, ಅವಳ ಕೈಗೆ ಕೊಡಬೇಡಿ ಎಂದರು. ಶೆಡ್ಡಿನಲ್ಲಿ ಪಿಸುಮಾತೂ ಕೇಳಿಸುತ್ತದೆ. ಕಾರಿನ ಕೆಳಗೆ ಚಂದನಳ ಕೈಯ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಮಾರನೆಯ ದಿನ ಜವರಯ್ಯ ಗೂಡಿನಲ್ಲಿದ್ದ ಆ ಪ್ಲಗ್ಗಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮದ್ದೂರಿನ ಬಸ್ಸು ಹತ್ತಿದ.

ರಘುನಂದನ್ ಮನೆಯ ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಸಿಟ್ಟು ಆರಿತ್ತು, ಕೂರಿಸಿ ಕಾಫಿ ತರಿಸಿದರು. ಜವರಯ್ಯ ಲೋಟ ಮುಟ್ಟದೆ, ಕಾರು ಕೆಡಿಸಿದ್ದು ಮಗಳಲ್ಲ, ನಾನು ಅಂದ. ಅವರು ಅವನನ್ನು ನೋಡಿ ಮುಗುಳ್ನಕ್ಕರು. ಒಳಗಿದ್ದ ಹೆಂಡತಿಯನ್ನು ಕರೆದರು.

"ನೋಡಿಲ್ಲಿ. ಮಗಳಿಗೆ ಕೆಟ್ಟ ಹೆಸರು ಬರಬಾರದು ಅಂತ ತಪ್ಪನ್ನ ತಮ್ಮ ಮೇಲೆ ಹೊತ್ಕೊಂಡು ಬಂದಿದ್ದಾರೆ. ಇಂಥ ತಂದೆ ಸಿಗಬೇಕು ಮಕ್ಕಳಿಗೆ."

ಆಕೆ ಬಾಗಿಲಲ್ಲಿ ನಿಂತು ಗೌರವದಿಂದ ಕೈಮುಗಿದರು. ಜವರಯ್ಯನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಎದ್ದು ಹೊರಟುಬಿಟ್ಟರೆ ಹೇಳಿದಂತೆಯೂ ಆಯಿತು, ಮರ್ಯಾದೆಯೂ ಉಳಿಯಿತು ಎಂಬ ಯೋಚನೆ ಬಂದುಹೋಯಿತು. ಅಂಥ ಯೋಚನೆ ತನಗೆ ಬಂತಲ್ಲ ಎಂಬುದಕ್ಕೇ ಅವನ ಕಿವಿ ಬಿಸಿಯಾದವು. ಟವೆಲ್ಲು ಬಿಚ್ಚಿ ಡಬ್ಬಿಯನ್ನು ಅವರ ಮುಂದಿಟ್ಟ.

"ಇದು ಅವ್ಳು ಆರಿಸಿ ತಂದಿದ್ದು ಸಾ. ಸೀಲು ಒಡ್ದಿಲ್ಲ ನೋಡಿ. ನಿಮ್ ಕಾರಲ್ಲಿದ್ದುದ್ದು ನಾನು ಪೇಟೇಲಿ ತಂದ ಪ್ಲಗ್ಗು. ಅವ್ಳು ಬಸ್ಸಿಳ್ದು ಬಂದಾಗ್ಲೇ ಎಲ್ಲ ಕೆಟ್ಟೋಗಿತ್ತು. ಬೆಂಗಳೂರ್ನೋರ್ನ ಕೇಳಿ, ಯಾವ ಪ್ಲಗ್ಗು ತೆಗುದ್ರು ಅಂತ."

ರಘುನಂದನ್ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖದ ನಗು ಮೆಲ್ಲಗೆ ಇಳಿಯಿತು.

"ನಾನು ಆ ಹುಡುಗಿಗೆ ಬಾಯಿಗೆ ಬಂದ ಹಾಗೆ ಅಂದೆ. ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ ಸಾ."

"ಹೋಗಿ ಜವರಯ್ಯನವ್ರೆ. ನನಗಿನ್ನು ನಿಮ್ಮ ಹತ್ರ ಮಾತಾಡೋಕೆ ಮನಸ್ಸಿಲ್ಲ."

ಅವನು ಎದ್ದ. ಬಾಗಿಲಲ್ಲಿದ್ದ ಹೆಂಗಸು ಒಳಗೆ ಹೋಗಿದ್ದರು.

ಅದೇ ಸಂಜೆ ಅವನು ಹೆಂಡತಿ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಚಲುವಮ್ಮನಿಗೆ ಮೊದಲು ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿಸಿದಳು. ಅರ್ಥವಾದ ಮೇಲೆ ಮಗಳ ಕಡೆ ತಿರುಗಿ, ಹೌದಾ ಅಂತ ಕೇಳಿದಳು. ಚಂದನ ತಲೆಯಾಡಿಸಿದಳು.

"ನಾನು ಅವ್ಳಿಗೆ ಸಮಾಧಾನ ಯೋಳ್ತಿದ್ರೆ ನೀನು ಮುಂದೆ ಕೂತ್ಕೊಂಡು ಉಣ್ತಿದ್ದಲ್ಲ," ಅಂದಳು ಚಲುವಮ್ಮ. ಅಷ್ಟು ಹೇಳಿ ಒಳಗೆ ಹೋದವಳು ಬಹಳ ದಿನ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು.

ಚಂದನ ಎದ್ದುಹೋಗಲಿಲ್ಲ. ಅಂದೇ ಯಾಕೆ ಹೇಳಲಿಲ್ಲ ಅಂತ ಅವನೇ ಅವಳನ್ನು ಕೇಳಿದ. ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳುಗಾರನನ್ನಾಗಿ ನಿಲ್ಲಿಸಲು ಬಾಯಿ ಬರಲಿಲ್ಲ, ಆಮೇಲೆ ನೀನೇ ಹೇಳುತ್ತೀಯ ಅಂತ ಕಾದೆ ಎಂದಳು. ಮತ್ತೆ ಅಂದಳು:

"ಕಾರು ಕೆಟ್ಟಿದ್ದು ದೊಡ್ಡುದಲ್ಲ ಕಣಪ್ಪ. ರಿಪೇರಿ ಆಯ್ತದೆ. ಯಾರು ಅಂತ ಕೇಳ್ದಾಗ ನಿನ್ ಬಾಯಿಗೆ ಮೊದ್ಲು ಬಂದಿದ್ದು ನನ್ನೆಸ್ರು. ಅದ್ನ ಏನ್ ಮಾಡಾನ?"

ಜವರಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

ಅವನು ಶಾಲಿನಿ ಮೇಡಂ ಮನೆಗೆ ಹೋಗಿ ಹೇಳಿದ. ಟೀ ಅಂಗಡಿಯಲ್ಲಿ ಹೇಳಿದ. ಕೆಲವರು ನಂಬಿದರು, ಕೆಲವರು ರಘುನಂದನ್ ಹೆಂಡತಿಯ ಹಾಗೆ ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದರು. ಹಾಗೆ ಹೊಗಳಿದವರ ಮುಂದೆ ಅವನು ಮೊದಲಿಂದ ಶುರು ಮಾಡಿ ಬಿಸಿ ಇಂಜಿನ್ನು, ಸ್ಪಾನರು, ಪೈಪು ಎಲ್ಲ ವಿವರಿಸಬೇಕಾಗುತ್ತಿತ್ತು. ಒಮ್ಮೆ ಪುಟ್ಟಮಾದಯ್ಯ ಪಕ್ಕದಲ್ಲೇ ಇದ್ದ. ಹೌದು, ನಾನೇ ಕಣ್ಣಾರೆ ನೋಡಿದ್ದೀನಿ ಅಂದ. ಮತ್ತೆ ಯಾಕೆ ಆವತ್ತು ಸುಮ್ಮನಿದ್ದೆ ಎಂದು ಅಂಗಡಿಯವನು ಕೇಳಿದ. ಅಪ್ಪ ಮಗಳ ವಿಷಯ ಅಂದುಕೊಂಡೆ ಎಂದು ಪುಟ್ಟಮಾದಯ್ಯ ಟೀ ಅರ್ಧಕ್ಕೇ ಬಿಟ್ಟು ಎದ್ದ.

ಕೆಂಪು ಕಾರು ಬೆಂಗಳೂರಿನಿಂದ ಸರಿಯಾಗಿ ಬಂತು. ರಘುನಂದನ್ ಅದನ್ನು ಸೀದಾ ಮಳವಳ್ಳಿಗೆ ತಂದರು. ಜವರಯ್ಯನ ಕಡೆ ನೋಡದೆ ಒಳಗೆ ಹೋಗಿ, ನನ್ನಿಂದ ತಪ್ಪಾಯಿತು ಕಣಮ್ಮ ಎಂದು ಚಂದನಳಿಗೆ ಹೇಳಿ, ಆ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. ನೀನು ಆರಿಸಿದ್ದನ್ನು ನೀನೇ ಹಾಕು ಎಂದರು.

ಅವಳು ಇಂಜಿನ್ನು ತಣ್ಣಗಾಗುವವರೆಗೆ ಕಾದಳು. ಅಷ್ಟರಲ್ಲಿ ನಾಲ್ಕಾರು ಜನ ಸೇರಿದ್ದರು. ಅವಳು ಬೆಂಗಳೂರಿನವರು ಹಾಕಿ ಕಳಿಸಿದ್ದ ಮಾಮೂಲಿ ಪ್ಲಗ್ಗುಗಳನ್ನು ಬಿಚ್ಚಿ, ಡಬ್ಬಿ ಒಡೆದು, ಪ್ಲಗ್ಗುಗಳ ಸಂದನ್ನು ಅಳತೆಪಟ್ಟಿಯಿಂದ ನೋಡಿ, ಒಂದೊಂದನ್ನೂ ರಬ್ಬರು ಕೊಳವೆಯ ತುದಿಗೆ ಸಿಕ್ಕಿಸಿ ಗುಳಿಗೆ ಇಳಿಸಿದಳು. ಕೊಳವೆಯನ್ನು ಎರಡೇ ಬೆರಳಲ್ಲಿ ತಿರುಗಿಸಿದಳು. ನಿಂತಿದ್ದವರಲ್ಲೊಬ್ಬ, ಈ ಸಲವಾದರೂ ಹುಷಾರಮ್ಮ ಅಂದ.

ಜವರಯ್ಯ ಹೊರಗೆ ಹೊಂಗೆಮರದ ಕೆಳಗಿದ್ದ. ಒಳಗೆ ಬಂದ.

"ಆವತ್ತು ಕೆಡಿಸ್ದೋನು ನಾನು," ಅಂದ. "ಕೆಡಿಸ್ಬುಟ್ಟು ಅವ್ಳೆಸ್ರು ಯೋಳ್ದೋನೂ ನಾನೇ."

ಚಂದನ ತಲೆಯೆತ್ತಲಿಲ್ಲ. ಬೆರಳಿಗೆ ಬಿಗಿ ಹತ್ತಿದ ಮೇಲೆ ಸ್ಪಾನರು ತೆಗೆದುಕೊಂಡು, ಎಷ್ಟು ಬೇಕೋ ಅಷ್ಟಕ್ಕೆ ಬಿಗಿದು ಬಿಟ್ಟಳು. ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಅವಳು ಕೊಕ್ಕರೆ ಬೆಳ್ಳೂರಿನ ತಿರುವಿನವರೆಗೂ ಓಡಿಸಿ ನೋಡಿಕೊಂಡು ಬಂದಳು. ಎಲ್ಲೂ ಬಿಕ್ಕಲಿಲ್ಲವೆಂದು ಮಾಲೀಕರಿಗೆ ವರದಿ ಒಪ್ಪಿಸಿದಳು.

ಮುಂದಿನ ತಿಂಗಳು ಅವಳು ಮದ್ದೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಬೇರೆ ಶೆಡ್ಡು ಹಿಡಿದಳು. ಜಗಳವಾಡಿ ಹೋದದ್ದಲ್ಲ, ಇಲ್ಲಿ ನನ್ನ ಕೆಲಸವನ್ನು ನನ್ನದು ಅಂತ ಹೇಳಲಾಗುತ್ತಿಲ್ಲ ಎಂದಷ್ಟೇ ಅಂದಳು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ವಾರದ ಕೊನೆಗೆ ಕೆಲಸ ಹೆಚ್ಚಿದ್ದರೆ, ಬತ್ತೀಯಾ ಅಂತ ಅಪ್ಪನನ್ನು ಕೇಳುತ್ತಾಳೆ. ಅವನು ಹೋಗುತ್ತಾನೆ. ಜಾಕು ಎತ್ತುತ್ತಾನೆ, ಆಯಿಲ್ ಬದಲಿಸುತ್ತಾನೆ. ಯಾರಾದರೂ ಹಿರಿಯನೆಂದು ಅವನ ಹತ್ತಿರ ಬಂದು ಕಾರಿಗೆ ಏನಾಗಿದೆ ಅಂತ ಕೇಳಿದರೆ ಕೈ ಒರೆಸಿಕೊಳ್ಳುತ್ತ, "ಅವ್ಳನ್ನ ಕೇಳಿ" ಅನ್ನುತ್ತಾನೆ.